ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು, ಅಮ್ಮನಿಗೆ ಬರೀ ಟೀ

ಇವತ್ತು ಬೆಳಗಿನ ತಿಂಡಿ ಬಗ್ಗೆ ಮಾತಾಡ್ತೀನಿ. ಇವನೂ ಅಡುಗೆ ಚಾನೆಲ್ ಶುರು ಮಾಡಿದ್ನಾ ಅಂತ ನಗಬೇಡಿ, ಕಾರಣ ಇದೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ರೇಷ್ಮೆ ಹುಳು ಸಾಕ್ತೀವಿ. ಸಾಕೋರಿಗೆ ಗೊತ್ತು, ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಮನೇಲಿ ಯಾರಿಗೂ ಪುರುಸೊತ್ತಿರಲ್ಲ. ಹುಳು ತನ್ನ ಜೀವನದಲ್ಲಿ ತಿನ್ನೋ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚು ತಿನ್ನೋದು ಆ ವಾರದಲ್ಲೇ. ಅಮ್ಮ ಐದಕ್ಕೆ ಎದ್ದು ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತಂದು ಹುಳಕ್ಕೆ ಹಾಕಿ, ಆಮೇಲೆ ನಮಗೆ ಉಪ್ಪಿಟ್ಟೋ ಚಿತ್ರಾನ್ನನೋ ಮಾಡ್ತಿದ್ಲು. ತಾನು ಮಾತ್ರ ಎರಡು ಲೋಟ ಟೀ ಕುಡಿದು, ಹನ್ನೊಂದಕ್ಕೆ ಊಟ.

ಹೋದ ವರ್ಷ ತೋಟದಲ್ಲೇ ತಲೆ ಸುತ್ತಿ ಬಿದ್ದಳು. ಹಿಮೋಗ್ಲೋಬಿನ್ 8.2 ಇತ್ತು. "ಬೆಳಗ್ಗೆ ಏನಮ್ಮಾ ತಿಂತೀರಾ?" ಅಂತ ಡಾಕ್ಟರ್ ಕೇಳಿದ್ರು. ಅಮ್ಮ ನನ್ನ ಮುಖ ನೋಡಿದ್ಲು. ಉತ್ತರ ನನಗೂ ಗೊತ್ತಿರಲಿಲ್ಲ ಸ್ವಾಮಿ! ಇಪ್ಪತ್ತಾರು ವರ್ಷ ಅವಳ ಕೈಯಲ್ಲಿ ತಿಂಡಿ ತಿಂದವನು ನಾನು.

ಓದಿರೋದು ಬಿ.ಕಾಂ. ನೂರು ಮೊಟ್ಟೆಗೆ ಎಷ್ಟು ಸೊಪ್ಪು, ಎಷ್ಟು ಕೂಲಿ ಅಂತ ಬುಕ್ಕಲ್ಲಿ ಬರೆಯೋನು ನಾನೇ. ಅಮ್ಮ ಅಡುಗೆಮನೇಲಿ ನಿಲ್ಲೋ ಹೊತ್ತು ಆ ಬುಕ್ಕಲ್ಲಿ ಎಲ್ಲೂ ಇರಲಿಲ್ಲ. ಒಂದು ವಾರ ಬರೆದೆ. ಹೆಚ್ಚೋದು, ಒಗ್ಗರಣೆ, ಪಾತ್ರೆ ಎಲ್ಲಾ ಸೇರಿ ದಿನಾ ಸುಮಾರು 50 ನಿಮಿಷ. ಅದನ್ನ 15ಕ್ಕೆ ಇಳಿಸಬೇಕು, ಅದನ್ನೂ ನಾನೇ ಮಾಡಬೇಕು ಅಂತ ಹಠ ಹಿಡಿದೆ.

ದಾರಿ ತೋರಿಸಿದ್ದು ಅಜ್ಜಿ. ರಾತ್ರಿ ಮಿಕ್ಕ ಮುದ್ದೆ ಮುಳುಗುವಷ್ಟು ನೀರು ಹಾಕಿಡೋದು. ಬೆಳಗ್ಗೆ ಕೈಯಲ್ಲಿ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿದ್ರೆ ಮುಗೀತು. ಒಲೆ ಹಚ್ಚೋದೇ ಬೇಡ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಇದರ ಹತ್ತಿರಕ್ಕೂ ಬರಲ್ಲ. ಬೇಸಿಗೆಯಲ್ಲಿ ಮಾತ್ರ ಮೂಸಿ ನೋಡಿ, ವಾಸನೆ ಕೆಟ್ಟಿದ್ರೆ ದನಕ್ಕೆ ಹಾಕಿ. ಎರಡನೇ ರಾತ್ರಿಗೆ ಉಳಿಸಲೇಬೇಡಿ.

ವಾರಕ್ಕೆ ಎರಡು ದಿನ ಮೊಳಕೆ ಕಟ್ಟಿದ ಹೆಸರುಕಾಳಿನ ಉಸ್ಲಿ. ಕಾಳನ್ನ ಹಗಲು ನೆನೆಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಡ್ತೀನಿ. ಬೇಯಿಸಿ, ಒಗ್ಗರಣೆ ಕೊಟ್ಟು, ಕೆಳಗಿಳಿಸಿದ ಮೇಲೆ ನಿಂಬೆಹಣ್ಣು ಹಿಂಡ್ತೀನಿ. ಕಾಳಿನಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ನಿಂಬೆ ಹುಳಿ ಸಹಾಯ ಮಾಡುತ್ತೆ, ಟೀ ಅದನ್ನ ತಡೆಯುತ್ತೆ. ಅದಕ್ಕೇ ಈಗ ಟೀ ತಿಂಡಿಯಾದ ಒಂದು ಗಂಟೆ ಮೇಲೆ. ಅಮ್ಮನ ಕೈಲಿ ಇದೊಂದನ್ನ ಒಪ್ಪಿಸೋಕೆ ಒಂದು ತಿಂಗಳು ಹಿಡೀತು! ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿ ಭಾನುವಾರ ಮಾತ್ರ, ನನ್ನ ಕೈಗೆ ಅದಿನ್ನೂ ಗುಂಡಗೆ ಬರಲ್ಲ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಹಾಕಿದ ಉಪ್ಪಿಟ್ಟು ಬೇಕು ಅನ್ನೋರು, ರಾತ್ರಿ ಟಿವಿ ಮುಂದೆ ಕೂತು ತಾವೇ ಹಿತುಕಲಿ.

ಗೌರಿಬಿದನೂರಿಗೆ ಕೊಟ್ಟಿರೋ ಅಕ್ಕ ಬೆಂಗಳೂರಿಗೆ ಬೆಳಗಿನ ರೈಲಲ್ಲಿ ಕೆಲಸಕ್ಕೆ ಹೋಗ್ತಾಳೆ. ಅವಳು ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಬಾಟಲಿಗೆ ತುಂಬಿಕೊಂಡು ರೈಲಲ್ಲೇ ಕುಡೀತಾಳೆ. ಚಿಂತಾಮಣಿಯಿಂದ ಒಬ್ಬ ಕೇಳುಗರು, "ತಂಗಳು ಅಂದ್ರೆ ಮಕ್ಕಳು ಮೂಗು ಮುರೀತಾರೆ" ಅಂತ ಮೆಸೇಜ್ ಹಾಕಿದ್ರು. ಹಾಗಿದ್ರೆ ರಾಗಿ ಹಿಟ್ಟು, ಮಜ್ಜಿಗೆ, ಈರುಳ್ಳಿ ಕಲಸಿ ತೆಳ್ಳಗೆ ದೋಸೆ ಹುಯ್ದು, ಟೊಮೆಟೊ ಗೊಜ್ಜು ಜೊತೆ ಕೊಡಿ ಅಕ್ಕ. ನಿಮ್ಮೂರಲ್ಲಿ ಟೊಮೆಟೊಗೆ ಬರವೇ?

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಬರೀ ತಿಂಡಿಯಿಂದ ಅಮ್ಮ ಹುಷಾರಾಗಲಿಲ್ಲ. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ಮೂರು ತಿಂಗಳು ತಪ್ಪದೆ ತಗೊಂಡಳು, ಆಮೇಲೆ 10.4 ಬಂತು. ಇನ್ನೂ ಏರಬೇಕು.

ನಿನ್ನೆ ನಮ್ಮ ಹುಳು ಹಣ್ಣಾಯ್ತು. ಚಂದ್ರಿಕೆಗೆ ಬಿಡೋ ಗಡಿಬಿಡಿಯಲ್ಲೂ ಏಳೂವರೆಗೆ ಅಮ್ಮನ ಕೈ ತೊಳೆಸಿ ಜಗಲಿ ಮೇಲೆ ಕೂರಿಸಿ ಬಟ್ಟಲು ಕೊಟ್ಟೆ. ಒಂದು ಗುಟುಕು ಕುಡಿದು, "ಉಪ್ಪು ಕಮ್ಮಿ ಕಣೋ" ಅಂದ್ಲು. ಉಪ್ಪು ತರೋಕೆ ತಾನೇ ಎದ್ದಳು, ನಾನು ಬಿಡಲಿಲ್ಲ.

ಮುಂದಿನ ವಾರ ಗೂಡಿನ ರೇಟಿನ ಬಗ್ಗೆ ಮಾತಾಡೋಣ. ಬರ್ತೀನಿ, ನಮಸ್ಕಾರ.