ಸಾವಿರ ವರ್ಷ ಕಡಿಯದ ಹಾರ



ಮುಧೋಳದಲ್ಲಿ ಕವಿ ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲು, ಜಮಖಂಡಿ-ಬೀಳಗಿಯ ಈ ಸೀಮೆಯೆಲ್ಲ ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದಾಗ, ಮಹಾವೀರಾಚಾರ್ಯರೆಂಬ ಜೈನ ಗಣಿತಜ್ಞರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು. ಗ್ರಂಥದ ಆರಂಭದಲ್ಲೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಕನ್ನಡದ 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ.

ಆ ಗ್ರಂಥದಲ್ಲಿ ಒಂದು ಸಂಖ್ಯೆ ಬರುತ್ತದೆ: 12345654321. ಬಿಡಿಸಿ ಓದಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಆಚಾರ್ಯರು ಇಷ್ಟುದ್ದ ಹೇಳಲಿಲ್ಲ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವುದು ಎಂಬರ್ಥದ ಕೆಲವೇ ಮಾತುಗಳಲ್ಲಿ ಮುಗಿಸಿದರು. ಎಡದಿಂದಲೂ ಬಲದಿಂದಲೂ ಒಂದೇ ತೆರನಾಗಿ ಕಾಣುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. 27994681ನ್ನು 441ರಿಂದ ಗುಣಿಸಿದರೆ ಈ ಹಾರ ದೊರೆಯುತ್ತದೆ.

ಇದರಲ್ಲಿ ಪವಾಡವೇನಾದರೂ ಇದೆಯೆ? ಇಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಅಂದರೆ ಹಾರದ ಗುಟ್ಟು ಇಷ್ಟೇ: ಅದು 111111ರ ವರ್ಗ.

ಕಾಗದದ ಮೇಲೆ ಮಾಡಿ ನೋಡಿ. 111111ನ್ನು ಒಂದರ ಕೆಳಗೊಂದು ಆರು ಸಾಲು ಬರೆಯಿರಿ. ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿಯಲಿ. ಈಗ ಕೂಡಿಸಿದರೆ ಬಲತುದಿಯಲ್ಲಿ ಒಂದು, ಮುಂದೆ ಎರಡು, ಮೂರು, ನಡುವೆ ಆರು. ಆಮೇಲೆ ಐದು, ನಾಲ್ಕು ಎಂದು ಇಳಿತ. ಒಟ್ಟು ಬರೆದ ಒಂದುಗಳು 36. ಹಾರದ ಅಂಕಿಗಳ ಮೊತ್ತವೂ 36! ಯಾವ ಸ್ಥಾನದಲ್ಲೂ ಮೊತ್ತ ಒಂಬತ್ತನ್ನು ದಾಟದ್ದರಿಂದ ದಶಕ ಮುಂದಿನ ಮನೆಗೆ ಹೋಗುವುದಿಲ್ಲ; ವಿನ್ಯಾಸ ಕೆಡುವುದಿಲ್ಲ. ಒಂಬತ್ತು ಸಲ ಒಂದನ್ನು ಬರೆದು ವರ್ಗ ಮಾಡಿದರೂ ಹಾರ ಸರಿಯಾಗಿಯೇ ಬರುತ್ತದೆ: 12345678987654321. ಹತ್ತು ಸಲ ಬರೆದರೆ ನಡುವಿನ ಮನೆ ಹತ್ತಾಗಿ ಹಾರ ಕಡಿಯುತ್ತದೆ: 1234567900987654321.

ಎಳೆ ಎಣಿಸಿ ನೇಯುವ ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿದ ಲೆಕ್ಕದಲ್ಲೇ ಇಳಿಯದಿದ್ದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಆಚಾರ್ಯರ ಮಾತಿನ ಬೆಲೆಯೂ ಇಲ್ಲೇ ಇದೆ. ಓಲೆಗರಿಯ ಪ್ರತಿ ಮಾಡುವಾಗ ಹನ್ನೊಂದು ಅಂಕಿಗಳಲ್ಲಿ ಒಂದು ಜಾರಿದರೂ ಲೆಕ್ಕ ಕೆಟ್ಟಿತು. ಆದರೆ ನಿಯಮ ಬಾಯಲ್ಲಿದ್ದರೆ ಸಂಖ್ಯೆಯನ್ನು ಮತ್ತೆ ಕಟ್ಟಿಕೊಳ್ಳಬಹುದು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸುವ ಹೊತ್ತಿಗೆ ಸಾವಿರ ವರ್ಷ ಕಳೆದಿತ್ತು.

ಗಣಿತ ತನಗೆ ಒಗ್ಗದ ವಿದ್ಯೆ ಎಂದು ಹೆದರುವ ಮಗು ಮನೆಯಲ್ಲಿದ್ದರೆ, ಉತ್ತರ ಹೇಳಬೇಡಿ. ಆ ಆರು ಸಾಲುಗಳನ್ನು ಬರೆಯಲು ಹೇಳಿ. ಕೂಡಿಸುವ ಕೆಲಸ ಅದಕ್ಕೇ ಬಿಡಿ.