ಹಳೆಯ ಡೀಸಲ್ ಗಾಡಿಯ ಬಲಕ್ಷಯ

೧೯೮೦ರ ದಶಕದ ಕೊನೆಯಲ್ಲಿ ಬಂದ ಟಾಟಾಮೊಬೈಲಿನಂತಹ ಹಳೆಯ ಡೀಸಲ್ ಗಾಡಿಗಳು ಒಂದೇ ದಿನದಲ್ಲಿ ಸೋಲುವುದಿಲ್ಲ. ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ದಿಣ್ಣೆಗೆ ಎರಡನೆಯದು ಬೇಕಾಗುತ್ತದೆ. ಮಾಲೀಕನು ಅದಕ್ಕೂ ಒಗ್ಗಿಹೋಗುತ್ತಾನೆ. ಕಡೆಗೆ ಎಂಜಿನನ್ನೇ ಬಿಚ್ಚಬೇಕೆಂಬ ಮಾತು ಬಂದಾಗ ಬಾಡಿಗೆಯನ್ನೇ ನಂಬಿದ ಸಂಸಾರಕ್ಕೆ ದಿಕ್ಕು ತಪ್ಪುತ್ತದೆ.

ಅದಕ್ಕೆ ಮುಂಚೆ ನಾವು ಹೊಗೆಯನ್ನು ನೋಡತಕ್ಕದ್ದು. ಭಾರ ಹೊತ್ತು ಏರುವಾಗ ಕರಿಹೊಗೆ ಕಂಡರೆ ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿರಬಹುದು. ಹೊಗೆಯಿಲ್ಲದೆಯೇ ಬಲ ಕುಗ್ಗಿದ್ದರೆ ಎಣ್ಣೆಯೇ ಸಾಲದೆಂದು ಊಹಿಸಬೇಕು. ಆಗ ಡೀಸಲ್ ಫಿಲ್ಟರನ್ನೂ, ಬಿರುಕುಬಿಟ್ಟು ಗಾಳಿಯನ್ನು ಒಳಗೆಳೆವ ನಳಿಗೆಯನ್ನೂ ಶೋಧಿಸುವುದು. ಆಕ್ಸಲರೇಟರಿನ ಕೇಬಲ್ ಸಡಿಲವಾಗಿ ಪಂಪಿನ ಸನ್ನೆ ಪೂರ್ತಿ ತಿರುಗದಿರುವುದೂ ಉಂಟು. ಇದನ್ನು ನೋಡಲು ಕಾಸೂ ಬೇಡ.

ಸುಮಾರು ೨೦ ಪಟ್ಟು ಅದುಮಿದ ಗಾಳಿಯ ಕಾವಿನಿಂದಲೇ ಎಣ್ಣೆ ಹೊತ್ತುವ ಎಂಜಿನಿದು. ಆದಕಾರಣ ಮೇಲಿನವೆಲ್ಲ ಸರಿಯಿದ್ದೂ ಮುಂಜಾನೆ ಚಾಲೂ ಆಗಲು ಹಟಮಾಡಿದರೆ ಸಿಲಿಂಡರುಗಳ ಒತ್ತಡವನ್ನು ಅಳೆಯಿಸಬೇಕು.