ಬಿದ್ದ ಮನೆಯ ಕಲ್ಲು

(ಮಂಗಳೂರಿನಲ್ಲಿ ಹಂಚಿನ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಾಜಾದಲ್ಲಿ ಯುದ್ಧ ಕೆಡವಿದ ಕಟ್ಟಡಗಳ ಅವಶೇಷ ಐದು ಕೋಟಿ ಟನ್ನಿಗೂ ಹೆಚ್ಚು, ತೆರವು ಮಾಡಲು ೨೧ ವರ್ಷ ಬೇಕಾದೀತು ಎಂದು ವಿಶ್ವಸಂಸ್ಥೆ ೨೦೨೫ರ ಜನವರಿಯಲ್ಲಿ ಅಂದಾಜು ಮಾಡಿತು. ಅಲ್ಲಿಯ ಕಲ್ಲಿನ ಚಿಂತೆ ಹಂಚಿನವರಾದ ನಮಗೇಕೆ ಎಂದು ನೀವು ಕೇಳಬಹುದು. ಕೇಳತಕ್ಕ ಮಾತೇ.

ನಮ್ಮದೂ ಯುದ್ಧದ ಪೆಟ್ಟು ತಿಂದ ಊರು. ೧೭೮೩ರ ಮೇ ತಿಂಗಳಿಂದ ಮರುವರ್ಷದ ಜನವರಿಯವರೆಗೆ ಇಲ್ಲಿಯ ಕೋಟೆಯಲ್ಲಿದ್ದ ಇಂಗ್ಲಿಷರನ್ನು ಟಿಪ್ಪುವಿನ ಸೇನೆ ಮುತ್ತಿತ್ತು. ೧೭೮೪ರಲ್ಲಿ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಇಗರ್ಜಿಗಳು ಉರುಳಿದವು. ಬದುಕುಳಿದವರು ಹಿಂದಿರುಗಿದ್ದು ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ. ಮಿಲಾಗ್ರಿಸ್ ಇಗರ್ಜಿ ಮತ್ತೆ ಎದ್ದದ್ದು ೧೮೧೧ರಲ್ಲಿ. ಅರಸರ ಜಗಳದ ತೀರ್ಪು ಇಂದಿನ ನನ್ನ ಕೆಲಸವಲ್ಲ. ಮನೆಮಾರು ಕಳೆದುಕೊಂಡವನು ಯಾವುದರಿಂದ ಮತ್ತೆ ಕಟ್ಟಿಕೊಂಡ ಎಂಬುದಷ್ಟೇ ನನ್ನ ಪ್ರಶ್ನೆ. ಆಗ ಸಿಮೆಂಟಿರಲಿಲ್ಲ, ಕಾರ್ಖಾನೆಯ ಹಂಚೂ ಇರಲಿಲ್ಲ. ಈ ಕರಾವಳಿಯಲ್ಲಿ ಇದ್ದದ್ದು ಮುರಕಲ್ಲು, ಮಣ್ಣು, ಚಿಪ್ಪು ಸುಟ್ಟ ಸುಣ್ಣ, ಮರ, ಮುಳಿಹುಲ್ಲು. ಮಣ್ಣಿನಲ್ಲೋ ಸುಣ್ಣದಲ್ಲೋ ಕೂರಿಸಿದ ಮುರಕಲ್ಲು, ಗೋಡೆ ಬಿದ್ದರೂ ಕಲ್ಲಾಗಿಯೇ ಉಳಿಯುತ್ತದೆ. ಕೆರೆದು ಮತ್ತೆ ಇಡಬಹುದು.

ಹಂಚಿನ ಗುಣವೂ ಅದೇ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ೧೮೬೫ರಲ್ಲಿ ಇಲ್ಲಿ ಕಾರ್ಖಾನೆ ತೆರೆದಂದಿನಿಂದ ನಮ್ಮ ಹಂಚು ರೀಪಿಗೆ ಕಚ್ಚಿಕೊಂಡು ಕೂತಿದೆ. ಇಳಿಸಿ ಇನ್ನೊಂದು ಮಾಡಿಗೆ ಹೊದಿಸಬಹುದು. ಆದರೆ ಹಂಚು ನಿಷ್ಪಾಪಿಯೆಂದು ಹೇಳಲು ನನಗೆ ಬಾಯಿ ಬಾರದು. ಮುಂಬಯಿಗೂ ಆಫ್ರಿಕಕ್ಕೂ ಹೋದ ಮಾಡುಗಳ ಹಿಂದೆ ಇಲ್ಲಿಯ ಗದ್ದೆಗಳ ಹೊಂಡವಿದೆ, ಭಟ್ಟಿಗೆ ಹೋದ ಕಾಡಿದೆ. ಗದ್ದೆಯ ಮಣ್ಣು ಕಳೆದುಕೊಂಡ ಗೇಣಿ ಒಕ್ಕಲಿಗೆ ಬಂದದ್ದೇನು?

೧೯೪೫ರ ಬಳಿಕ ಬರ್ಲಿನ್ನಿನಲ್ಲಿ ಹೆಂಗಸರು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ, ಗಾರೆ ಕೆತ್ತಿ ಪೇರಿಸಿದರು. ಅವರನ್ನು ವೀರನಾರಿಯರೆಂದು ಹೊಗಳುವುದುಂಟು. ಅನೇಕರು ಬಂದದ್ದು ಹೆಚ್ಚಿನ ರೇಷನ್ನಿಗಾಗಿ! ಅದೇನೇ ಇರಲಿ, ಅವರು ಉಳಿಸಿದ ಒಂದೊಂದು ಇಟ್ಟಿಗೆಯೂ ಇನ್ನೊಮ್ಮೆ ಸುಡದೆ ಉಳಿದ ಇಟ್ಟಿಗೆ.

ಗಾಜಾದ ಕೆಲಸ ಇಷ್ಟು ಸುಲಭವಲ್ಲ. ಆ ರಾಶಿಯಲ್ಲಿ ಸಿಡಿಯದ ಬಾಂಬುಗಳಿವೆ, ಶ್ವಾಸಕೋಶ ತಿನ್ನುವ ಕಲ್ನಾರಿದೆ, ಹೆಣಗಳಿವೆ. ಮೊದಲು ಅವನ್ನು ಬೇರ್ಪಡಿಸಬೇಕು. ಉಳಿದ ಕಾಂಕ್ರೀಟನ್ನು ಪುಡಿಮಾಡಿ ರಸ್ತೆಗೆ, ತಳಪಾಯಕ್ಕೆ ಹಾಕಬಹುದು. ಇದಕ್ಕೆ ಆಳು ಬೇಕು, ಕೂಲಿ ಬೇಕು. ಆ ಕೂಲಿ ಮನೆ ಕಳೆದುಕೊಂಡವರಿಗೇ ಸಲ್ಲಬೇಕು. ದೊಡ್ಡ ಗುತ್ತಿಗೆದಾರ ಒಪ್ಪಲಾರ. ಎಲ್ಲವನ್ನೂ ಗುಡಿಸಿ ಸಮುದ್ರಕ್ಕೆ ತಳ್ಳಿ, ಹೊಸ ಸಿಮೆಂಟು ತರಿಸುವುದೇ ಅಗ್ಗ ಎನ್ನುತ್ತಾನೆ. ವರ್ತಕ ಮಿತ್ರರೇ, ಖಾತೆ ಬರೆಯುವವರು ನೀವು. ಸುಣ್ಣಕಲ್ಲಿನ ಗುಡ್ಡ, ಹೊಳೆಯ ಮರಳು, ಸುಟ್ಟ ಕಲ್ಲಿದ್ದಲು ಇವನ್ನು ಖರ್ಚಿಗೆ ಹಿಡಿಯದ ಲೆಕ್ಕ ಅಗ್ಗವಾಗಿ ಕಾಣದೆ ಇನ್ನೇನು?

ಯುದ್ಧವಿಲ್ಲದ ನಮ್ಮೂರಲ್ಲೂ ಯಂತ್ರ ಒಂದೇ ದಿನದಲ್ಲಿ ಹಳೇ ಮನೆಯೊಂದನ್ನು ಕೆಡವಿ, ಹಂಚು, ಪಕ್ಕಾಸು, ಕಲ್ಲು ಎಲ್ಲವನ್ನೂ ಕಲಸಿ ಗದ್ದೆಗೆ ಸುರಿಯುತ್ತದೆ. ಕೈಯಿಂದ ಬಿಚ್ಚಿದರೆ ನಾಲ್ಕು ಜನರಿಗೆ ವಾರದ ಕೂಲಿ, ಬಡವನಿಗೊಂದು ಮಾಡು. ಬಿಚ್ಚಿದ ಸಾಮಾನು ಇಡಲು ಜಾಗ ಕೊಡಿರೆಂದು ನಗರಪಾಲಿಕೆಗೆ ಬರೆದ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೋಗುವಾಗ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.